ಅಳಿಸಿದ ಸದ್ದು

"ಗುರುಗಳೇ, ನೊಂದವರ ಮಾತನ್ನು ಎಷ್ಟೆಂದು ಕೇಳುವುದು?" ಎಂದು ಮರುಳಯ್ಯ ಕೇಳಿದ.

ಮಠಕ್ಕೆ ಬಂದವರ ಕಷ್ಟಸುಖ ಆಲಿಸುವ ಕೆಲಸ ಆರು ವರ್ಷದಿಂದ ಅವನದು. ಒಬ್ಬರದೂ ನೇರ ಮಾತಿಲ್ಲ, ಹೇಳಿದ್ದನ್ನೇ ಹೇಳುತ್ತಾರೆ, ಒಂದಕ್ಕೊಂದು ಸಂಬಂಧವಿರುವುದಿಲ್ಲ, ತನಗೆ ಸಾಕಾಗಿದೆ ಎಂದ.

ಗುರುಗಳು ಹೇಳಿದರು:

ಕಡಲಿನ ತಳವನ್ನು ಸದ್ದಿನಿಂದ ಅಳೆಯುವ ಒಬ್ಬ ಸಂಶೋಧಕಿ ಇದ್ದಳು. ಹಡಗಿನಿಂದ ನೀರಿನೊಳಕ್ಕೆ ಸದ್ದು ಬಿಡುವಳು. ತಳಕ್ಕೆ ತಾಗಿ ಅದು ಮರಳಿದಾಗ ಯಂತ್ರದಲ್ಲಿ ಹಿಡಿದು ನಕ್ಷೆ ಬರೆಯುವಳು. ನೇರವಾಗಿ ಮರಳಿದ ಸದ್ದನ್ನು ಇಟ್ಟುಕೊಳ್ಳುತ್ತಿದ್ದಳು. ಚದುರಿ, ಚೂರುಚೂರಾಗಿ ಬಂದದ್ದನ್ನು ಕಸವೆಂದು ಅಳಿಸುತ್ತಿದ್ದಳು.

ಒಮ್ಮೆ ಒಬ್ಬ ಮೀನುಗಾರನ ತಮ್ಮ ದೋಣಿಯ ಸಮೇತ ಮುಳುಗಿದ. ಹುಡುಕಲು ಅವಳ ಹಡಗನ್ನು ಕಳಿಸಿದರು. ಅಣ್ಣನೂ ಹತ್ತಿದ. ಹನ್ನೊಂದು ದಿನ ಹೊಲ ಉತ್ತ ಹಾಗೆ ಕಡಲಿನ ಮೇಲೆ ಹೋಗಿ ಬಂದರು. ಅವಳ ಕಣ್ಣು ಉರಿಯುತ್ತಿತ್ತು. ಮಲಗಿದರೂ ಕಿವಿಯಲ್ಲಿ ಯಂತ್ರದ ಸದ್ದು ನಿಲ್ಲುತ್ತಿರಲಿಲ್ಲ. ನಕ್ಷೆಯಲ್ಲಿ ಬರೀ ಸಪಾಟು ಕೆಸರು. ಏನೂ ಸಿಗಲಿಲ್ಲ, ಮರಳೋಣ ಎಂದು ಹೇಳಿದಳು. ಹೇಳುವಾಗ ಅವನ ಮುಖ ನೋಡಲಿಲ್ಲ.

ಮೀನುಗಾರ ವಾದಿಸಲಿಲ್ಲ. ನಕ್ಷೆಯಲ್ಲಿ ಅಲ್ಲಲ್ಲಿ ಖಾಲಿ ಬಿಟ್ಟ ಜಾಗಗಳನ್ನು ನೋಡಿದ.

"ಇಲ್ಲೇನಿತ್ತು, ಅಮ್ಮಾ?"

"ಅಲ್ಲಿ ಸದ್ದು ಸರಿಯಾಗಿ ಬರಲಿಲ್ಲ. ಚೆಲ್ಲಾಪಿಲ್ಲಿಯಾಗಿತ್ತು. ಅಳಿಸಿದೆ."

"ಅಲೆ ಬಂಡೆಗೆ ಬಡಿದರೂ ಚೆಲ್ಲಾಪಿಲ್ಲಿಯೇ ಆಗುತ್ತದೆ."

ಅವಳಿಗೆ ಇದು ತಿಳಿಯದ ಸಂಗತಿಯಲ್ಲ. ಬೇರೆಯವರಿಗೆ ಪಾಠವನ್ನೂ ಹೇಳಿದ್ದಳು. ಆಳ ಸಿಕ್ಕರೆ ಸಾಕೆಂಬ ರೂಢಿಯಲ್ಲಿ, ಆಮೇಲೆ ದಣಿವಿನಲ್ಲಿ, ಮರೆತಿದ್ದಳು. ನಕ್ಷೆಯಿಂದ ಅಳಿಸಿದ್ದೆಲ್ಲ ಯಂತ್ರದಲ್ಲಿ ಉಳಿದಿತ್ತು. ಅದನ್ನು ಮೊದಲಿನಿಂದ ತೆಗೆದು ಕೂತಳು. ಎರಡು ದಿನ ಹಿಡಿಯಿತು. ನಾಲ್ಕನೆಯ ದಿನದ ಸದ್ದಿನಲ್ಲಿ ಒಂದು ಕಡೆ ಚೂರುಗಳು ದಟ್ಟವಾಗಿದ್ದವು. ಅಲ್ಲಿ ಮುಳುಗುಗಾರರನ್ನು ಇಳಿಸಿದರು. ಬಂಡೆಗಳ ನಡುವೆ ದೋಣಿ ಎರಡು ಹೋಳಾಗಿ ಬಿದ್ದಿತ್ತು. ತಮ್ಮನ ಹೆಣ ಒಳಗೇ ಇತ್ತು.

ಅಣ್ಣ ಅದನ್ನು ಊರಿಗೆ ಒಯ್ದು ಸಂಸ್ಕಾರ ಮಾಡಿದ. ಅಷ್ಟು ದಿನವೂ ದಡ ಬಿಟ್ಟು ಕದಲದಿದ್ದ ತಮ್ಮನ ಹೆಂಡತಿ ಅಂದು ಎದ್ದು ಮನೆಗೆ ಹೋದಳು. ನಾಲ್ಕನೆಯ ದಿನವೇ ತಾನು ಅವನ ಮೇಲೆ ಹಾದುಹೋಗಿದ್ದೆ ಎಂಬ ಮಾತು ಸಂಶೋಧಕಿಯನ್ನು ಬಹುಕಾಲ ಬಿಡಲಿಲ್ಲ.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ಹಾಗಾದರೆ ಇನ್ನೂ ತಾಳ್ಮೆ ಬೇಕೆಂದು ಇದರ ಅರ್ಥವೇ ಎಂದು ಮರುಳಯ್ಯ ಕೇಳಿದ.

"ಬೆಳಿಗ್ಗೆ ಮಾತಿನ ನಡುವೆಯೇ ಎಬ್ಬಿಸಿ ಕಳಿಸಿದೆಯಲ್ಲ, ಆ ಹೆಂಗಸು ಯಾವ ಊರಿನವಳು?" ಎಂದರು ಗುರುಗಳು.

ಮರುಳಯ್ಯನಿಗೆ ಗೊತ್ತಿರಲಿಲ್ಲ.