ಏರಿ ಕಿತ್ತು ಕಟ್ಟಿದ ಕೋಟೆ

ನಮ್ಮ ಕಿತ್ತೇರಿಗೆ ಬಂದವರೆಲ್ಲ ಮೊದಲು ಗುಡ್ಡದ ಮೇಲಿನ ಕೋಟೆ ಹತ್ತಿ, ಗೋಡೆಗೆ ಒರಗಿ ಫೋಟೊ ತೆಗೆಸಿಕೊಳ್ಳುತ್ತಾರೆ. ಅಷ್ಟು ಎತ್ತರದ ಗೋಡೆ ಈ ಸೀಮೆಯಲ್ಲಿ ಇನ್ನೊಂದಿಲ್ಲ. ಒಂದು ಕಲ್ಲೂ ಜಾರಿಲ್ಲ. ಗುಂಡು ಬಿದ್ದಿದ್ದರೆ ತಾನೆ ಜಾರುವುದು. ಕೆಳಗೆ ಜಾಲಿಮುಳ್ಳು ಬೆಳೆದ ತಗ್ಗನ್ನು ಯಾರೂ ವಿಚಾರಿಸುವುದಿಲ್ಲ. ಅದು ಕೆರೆ. ಊರಿಗೆ ಹೆಸರು ಕೊಟ್ಟದ್ದು ಅದೇ.

ಹಿಂದೆ ಒಮ್ಮೆ ಇಲ್ಲಿ ಕೆಂಗಪ್ಪನಾಯಕನೆಂಬ ಪಾಳೆಯಗಾರನಿದ್ದನಂತೆ. ಏಳು ತಲೆಮಾರಿನ ಆಳ್ವಿಕೆ. ಅವನ ಹೆಸರು ಕೇಳಿದರೆ ಸುತ್ತಲಿನವರು ಚಪ್ಪಲಿ ಬಿಡುತ್ತಿದ್ದರು. ಅಂಥವನ ಕಣ್ಣೆದುರಿನ ಗುಡ್ಡದಲ್ಲಿ, ಮೊನ್ನೆಮೊನ್ನೆಯವರೆಗೆ ದನ ಕಾಯುತ್ತಿದ್ದ ಮನೆತನದ ಸೂರಪ್ಪನಾಯಕ ಕುದುರೆ ಕೂಡಿಸಿದ, ಬುರುಜು ಎಬ್ಬಿಸಿದ. ಕೆಂಗಪ್ಪನಾಯಕನಿಗೆ ಅನ್ನ ಸೇರದಾಯಿತು. ಬೆಳಗೆದ್ದು ಎದುರಿನ ಗೋಡೆಯ ಕಲ್ಲಿನ ಸಾಲು ಎಣಿಸುವುದು, ಅದಕ್ಕಿಂತ ಎರಡು ಸಾಲು ಮೇಲೆ ತನ್ನದನ್ನು ಏರಿಸುವುದು, ಇದೇ ರಾಜ್ಯಭಾರವಾಯಿತು ಎನ್ನುತ್ತಾರೆ. ಗುಡ್ಡದ ಬಂಡೆ ಸೀಳುತ್ತ ಕೂತರೆ ತಡವೆಂದು, ಕೆರೆ ಏರಿಯ ಒಳಮೈಗೆ ಹೊದಿಸಿದ್ದ ಕಲ್ಲುಗಳನ್ನು ಕೀಳಲು ಅಪ್ಪಣೆಯಾಯಿತು.

ಗದ್ದೆಗಳಿಗೆ ನೀರು ಬಿಡುವ ನೀರಗಂಟಿ ಪಾಲಯ್ಯ ಓಡಿಬಂದ. ಅವನ ಮಗಳ ಮನೆ ಏರಿಯ ಕೆಳಗಿನ ಕೇರಿಯಲ್ಲಿತ್ತು.

“ದೊರೆ, ಕಲ್ಲು ಹೋದರೆ ಏರಿ ಬರೀ ಮಣ್ಣು. ಆ ಸೂರಪ್ಪನನ್ನ ಕರೆಸಿ, ಯಾಕಪ್ಪಾ ಕಟ್ತಿದ್ದೀಯ ಅಂತ ಒಂದು ಮಾತು ಕೇಳಬಾರದಾ?”

“ದನ ಕಾಯೋನನ್ನ ನಾನು ಕರೆದು ಮಾತಾಡಿಸಲಾ? ಹೋಗಲೇ, ತೂಬು ನೋಡ್ಕೊ.”

“ತೂಬಿನ ಕಲ್ಲನ್ನೂ ನಿಮ್ಮವರು ಹೊತ್ತರು ದೊರೆ. ಇನ್ನೇನು ನೋಡ್ಕೊಳ್ಳಲಿ?”

ಸಭೆಯವರು ನಕ್ಕರಂತೆ.

ಆ ವರ್ಷ ಮಳೆ ಚೆನ್ನಾಗಿ ಆಯಿತು, ಕೇಡಾದದ್ದೇ ಅದರಿಂದ. ಕೆರೆ ತುಂಬಿದರೆ ದೊರೆಯೇ ಏರಿಯ ಮೇಲೆ ನಿಂತು ಗಂಗಮ್ಮನಿಗೆ ಬಾಗಿನ ಬಿಡುವುದು ವಾಡಿಕೆ. ಕೆಂಗಪ್ಪನಾಯಕ ವಾದ್ಯದ ಸಮೇತ ಬಂದು ಬಾಗಿನ ಬಿಟ್ಟ. ಮೂರನೆಯ ದಿನ ಏರಿ ಒಡೆಯಿತು. ಕೆಳಗಿನ ಕೇರಿ, ಪಾಲಯ್ಯನ ಮಗಳು, ಅವಳ ತೊಟ್ಟಿಲು, ಎಲ್ಲವೂ ಹೋಯಿತು. ಕೋಟೆಗೆ ನೀರು ಹೊರುತ್ತಿದ್ದದ್ದೂ ಆ ಕೆರೆಯಿಂದಲೇ. ಬೇಸಿಗೆಯಲ್ಲಿ ಸೂರಪ್ಪನಾಯಕನ ದಂಡು ಬಂದಾಗ ಒಳಗಿದ್ದವರಿಗೆ ಉಗುಳು ನುಂಗಲೂ ಆಗುತ್ತಿರಲಿಲ್ಲ. ಹೆಬ್ಬಾಗಿಲು ತೆಗೆದವನು ಪಾಲಯ್ಯನೇ ಎನ್ನುತ್ತಾರೆ.

ಸೂರಪ್ಪನಾಯಕ ಗೋಡೆಯನ್ನು ತಲೆಯೆತ್ತಿ ನೋಡಿ, “ನಿಮ್ಮ ದೊರೆ ನನ್ನ ಮೇಲೆ ಬೀಳ್ತಾನೆ ಅಂತ ಹೆದರಿ ನಾನು ಕಟ್ಟಿಸ್ತಿದ್ದೆ,” ಎಂದನಂತೆ.

“ಅದನ್ನ ಮೊದಲೇ ಬಂದು ಹೇಳೋಕೆ ನಿನಗೇನಾಗಿತ್ತು?” ಎಂದು ಪಾಲಯ್ಯ ಕೇಳಿದ.

ಕಿತ್ತ ಏರಿಯ ಊರು ಕಿತ್ತೇರಿಯಾಯಿತು. ಕೋಟೆಗೋಡೆಯ ತುದಿಯಲ್ಲಿ ಈಗಲೂ ಅಲ್ಲಲ್ಲಿ ಮೀನು, ಆಮೆ ಕೆತ್ತಿದ ಏರಿಯ ಕಲ್ಲುಗಳು ಕಾಣುತ್ತವೆ. “ನೀರು ಇಷ್ಟು ಎತ್ತರಕ್ಕಿತ್ತಾ?” ಎಂದು ಬಂದವರು ಕೇಳುತ್ತಾರೆ. ಹೌದು ಎನ್ನುತ್ತೇವೆ. ಕುಡಿಯಲು ಕೇಳಿದರೆ ಮಾತ್ರ, ಟ್ಯಾಂಕರ್ ಬರಲಿ ತಾಳಿ ಎನ್ನುತ್ತೇವೆ.