ನೀಲವ್ವನ ಹುಣಸೆ ಬೀಜಗಳು

ಬರೀ ಪರದೇಶದ ಭಾಷೆಗಳನ್ನೇ ಕಲಿಸುವ ಒಂದು ವಿಶ್ವವಿದ್ಯಾಲಯವಿತ್ತು. ಅಲ್ಲಿ ರಷ್ಯನ್ ಕಲಿಸುವ ವಾಮನ ಮೇಷ್ಟ್ರದು ವಿಚಿತ್ರ ಪದ್ಧತಿ. ಪ್ರತಿಯೊಬ್ಬರಿಗೂ ಒಂದು ಖಾಲಿ ಡಬ್ಬಿ ಕೊಡುತ್ತಿದ್ದರು. ಮಾತಾಡುವಾಗ ಒಂದು ತಪ್ಪಾದರೆ ಅದಕ್ಕೊಂದು ಹುಣಸೆ ಬೀಜ ಹಾಕಬೇಕು. ವರ್ಷದ ಕೊನೆಗೆ ಡಬ್ಬಿ ಸಮೇತ ಪರೀಕ್ಷೆಗೆ ಬರಬೇಕು. ಪಾಸಾದವರು ಮುಂದಿನ ತರಗತಿಗೆ, ಫೇಲಾದವರು ಮನೆಗೆ.

ಹುಡುಗರು ಏನು ತಿಳಿದರು ಗೊತ್ತೇ? ಖಾಲಿ ಡಬ್ಬಿಯವನೇ ಜಾಣ ಅಂತ! ತರಗತಿಗೆ ತರಗತಿಯೇ ಬಾಯಿಗೆ ಬೀಗ ಹಾಕಿಕೊಂಡಿತು. ಅದರಲ್ಲೂ ಪ್ರಹ್ಲಾದ ಮಹಾ ಬುದ್ಧಿವಂತ. ವ್ಯಾಕರಣವೆಲ್ಲ ಬಾಯಿಪಾಠ, ಆದರೆ ವರ್ಷವಿಡೀ ತುಟಿ ಬಿಚ್ಚಲಿಲ್ಲ.

ಗದಗಿನ ಕಡೆಯ ನೀಲವ್ವ ಮಾತ್ರ ಹಠಮಾರಿ. ಮೆಸ್ಸಿನಲ್ಲಿ, ಬಸ್ಸಿನಲ್ಲಿ, ಬಟ್ಟೆ ಒಗೆಯುವಾಗಲೂ ರಷ್ಯನ್ನೇ. ತಪ್ಪೋ ತಪ್ಪು! ಮುಚ್ಚಳ ಕೂರದಷ್ಟು ಅವಳ ಡಬ್ಬಿ ತುಂಬಿತು.

ಪರೀಕ್ಷೆಯ ಬೆಳಿಗ್ಗೆ ಪ್ರಹ್ಲಾದ ನಕ್ಕ. "ಅರ್ಧ ಬೀಜ ಚೆಲ್ಲಿಬಿಡು ಮಾರಾಯ್ತಿ. ಯಾರು ನೋಡ್ತಾರೆ?"

ನೀಲವ್ವನಿಗೆ ಹೆದರಿಕೆ ಇದ್ದೇ ಇತ್ತು. ಈ ಸೀಟಿಗಾಗಿ ಅವಳು ಎರಡು ವರ್ಷ ಕಾದಿದ್ದಳು. ಕೈ ಡಬ್ಬಿಯೊಳಗೆ ಹೋಯಿತು. ಹಾಗೇ ವಾಪಸು ಬಂತು.

"ಬ್ಯಾಡ. ತಪ್ಪು ಮಾತಾಡೀನಿ, ಖರೆ. ಆದ್ರ ಮಾತಾಡೀನಲ್ಲ! ಅದನ್ಯಾಕ ಮುಚ್ಚಿಡ್ಲಿ?"

ಪರೀಕ್ಷೆಯ ಕೋಣೆಯಲ್ಲಿ ರಷ್ಯಾದಿಂದ ಬಂದ ಒಬ್ಬ ಅಜ್ಜಿ ಕೂತಿದ್ದರು. ಅವರಿಗೆ ಬೇರೆ ಭಾಷೆ ಬಾರದು. "ಒಬ್ಬೊಬ್ಬರಾಗಿ ಇವರನ್ನು ಪೇಟೆಗೆ ಕರೆದುಕೊಂಡು ಹೋಗಿ. ಇವರಿಗೆ ಬೇಕಾದ್ದು ಕೊಡಿಸಿ ಕರೆತನ್ನಿ. ಅಷ್ಟೇ ಪರೀಕ್ಷೆ," ಎಂದರು ಮೇಷ್ಟ್ರು.

ಪ್ರಹ್ಲಾದ ತಪ್ಪಿಲ್ಲದ ಒಂದು ವಾಕ್ಯ ಜೋಡಿಸುತ್ತಾ ನಡುಪೇಟೆಯಲ್ಲಿ ಕಂಬದ ಹಾಗೆ ನಿಂತ. ಪಾಪ, ಅಜ್ಜಿ ಬರಿಗೈಯಲ್ಲಿ ಬಂದರು. ನೀಲವ್ವ ಹತ್ತು ಸಲ ತಪ್ಪಿದಳು, ಹತ್ತು ಸಲವೂ ಬಿಡದೆ ಕೇಳಿದಳು. ಅಜ್ಜಿ ನಗುನಗುತ್ತಾ ತಿದ್ದಿದರು. ಅವರಿಗೆ ಬೇಕಾಗಿದ್ದದ್ದು ಕೋಟಿನಿಂದ ಕಿತ್ತುಹೋಗಿದ್ದ ಗುಂಡಿಗೆ ಒಂದು ಜೋಡಿ ಗುಂಡಿ; ಅದು ಸಿಕ್ಕೇಬಿಟ್ಟಿತು. ನೀಲವ್ವ ಪಾಸು!

"ಸಾರ್, ನನ್ನ ಡಬ್ಬೀಲಿ ಒಂದೂ ತಪ್ಪಿಲ್ಲ," ಎಂದ ಪ್ರಹ್ಲಾದ.

"ಡಬ್ಬೀಲಿ ಇಲ್ಲ ಕಣಯ್ಯಾ. ಎಲ್ಲಾ ಇನ್ನೂ ನಿನ್ನ ಹೊಟ್ಟೆಯಲ್ಲೇ ಇವೆ. ಇವಳವು ಹೊರಗೆ ಬಿದ್ದು ಹೋದವು."

ಪ್ರಹ್ಲಾದ ತಲೆ ತಗ್ಗಿಸಿ ಬಾಗಿಲವರೆಗೆ ಹೋದ. ಅಲ್ಲಿಂದ ತಿರುಗಿ ನಿಂತು, ಮೊದಲ ಸಲ ರಷ್ಯನ್‌ನಲ್ಲಿ ಬಾಯಿಬಿಟ್ಟ. ಇನ್ನೊಂದು ವರ್ಷ ಕೊಡಿ ಎಂದು ತೊದಲುತ್ತಾ ಕೇಳಿದ. ಆ ಒಂದು ಮಾತಿನಲ್ಲಿ ಮೂರು ತಪ್ಪು!

ಯಾರೂ ನಗಲಿಲ್ಲ. ನೀಲವ್ವ ತನ್ನ ಡಬ್ಬಿಯಿಂದ ಮೂರು ಬೀಜ ತೆಗೆದು ಅವನ ಡಬ್ಬಿಗೆ ಹಾಕಿದಳು.

"ಈಗ ಶುರುವಾಯ್ತು ನಿನ್ನ ಪಾಠ. ಮೊದಲ ವರ್ಷದ ಬೆಂಚಿಗೇ ಹೋಗಿ ಕೂತ್ಕೋ," ಎಂದರು ಮೇಷ್ಟ್ರು.

ನೀತಿ: ನಡೆಯುವವರು ಎಡವದೆ ಕೂತವರು ಎಡವುತ್ತಾರೆಯೇ? ತಪ್ಪಿಗೆ ಹೆದರಿ ಬಾಯಿ ಮುಚ್ಚಿದವನಿಗೆ ವಿದ್ಯೆ ಒಲಿಯದು. ತಪ್ಪುತ್ತಲೇ ಹಠ ಹಿಡಿದವನಿಗೆ ಒಲಿಯದೆ ಇರದು.