ನವಿಲಿನ ಕಡಗ

ಹೊಳೆಯ ದಂಡೆಯ ಮೇಲೊಂದು ಗುಡಿಸಲು. ಅಲ್ಲಿ ಕಾಳಪ್ಪ ಪತ್ತಾರ ಬೆಳ್ಳಿ ಕೆಲಸ ಮಾಡಿಕೊಂಡಿದ್ದ. ಮಾತು ಬಲು ಕಡಿಮೆ. ಅವನ ಬಾಯಿಂದ ಒಂದು ಶಾಬಾಸ್ ಬಂದೀತೆಂದು ಕಾದು ಕಾದು ಶಿಷ್ಯರೆಲ್ಲ ಬೇಸತ್ತು ಮನೆ ಸೇರಿದ್ದರು. ಉಳಿದವನು ಮೌನೇಶ ಒಬ್ಬನೇ.

ಮೌನೇಶನಿಗೆ ಇದ್ದದ್ದು ಒಂದೇ ಆಸೆ. ಗುರು ತನ್ನ ಸುತ್ತಿಗೆಯನ್ನು ಕೈಗಿಟ್ಟು, ಇನ್ನು ನೀನೂ ಪತ್ತಾರ ಅನ್ನಬೇಕು. ಗುರುವಿನ ಷರತ್ತೂ ಒಂದೇ. ಥಾವರಿಬಾಯಿಯ ಕಾಲಲ್ಲಿರುವಂಥ ಕಡಗ ಮಾಡಿ ತೋರಿಸಬೇಕು.

ಥಾವರಿಬಾಯಿ ಆಚೆ ದಂಡೆಯ ಲಂಬಾಣಿ ತಾಂಡಾದವಳು. ಕನ್ನಡಿ ಹೊಲಿದ ಲಂಗ, ಕೆನ್ನೆಯ ಪಕ್ಕ ಜೋಲುವ ಬೆಳ್ಳಿ ಗೊಂಡೆ, ಕಾಲಲ್ಲಿ ಆ ಕಡಗ. ಅವಳ ಮದುವೆಯ ದಿನ ಕಾಳಪ್ಪನೇ ತೊಡಿಸಿ, ಎರಡು ತುದಿ ಕೂಡುವಲ್ಲಿ ಕೀಲು ಬಡಿದದ್ದು. ಆ ತಾಂಡಾದಲ್ಲಿ ಗಂಡನಿರುವ ತನಕ ಅದನ್ನು ಕಳಚುವ ಮಾತೇ ಇಲ್ಲ. ಕಡಗದ ಹೊರಮಗ್ಗುಲಲ್ಲಿ ಒಂದು ನವಿಲು ಕೊರೆದಿತ್ತು. ಒಮ್ಮೆ ನೋಡಿದವರು ಇನ್ನೊಮ್ಮೆ ತಿರುಗಿ ನೋಡಬೇಕು, ಅಂಥ ನವಿಲು.

ಮೌನೇಶ ಎಷ್ಟೋ ಕಡಗ ಮಾಡಿದ. ನವಿಲಿನ ಒಂದು ಗರಿಯೂ ತಪ್ಪದ ಹಾಗೆ ಕೊರೆದ. ಗುರು ಅದನ್ನು ಕೈಗೆ ತೆಗೆದುಕೊಂಡು, ನವಿಲಿನ ಮೇಲೆ ಹೆಬ್ಬೆರಳು ಒತ್ತಿ ನೋಡಿ, ಸುಮ್ಮನೆ ವಾಪಸು ಕೊಡುತ್ತಿದ್ದ.

ಕೊರತೆ ಏನೆಂದು ಕೇಳಿದರೆ, "ಭಾಳ ಗಟ್ಟಿ ಐತಿ" ಅನ್ನುತ್ತಿದ್ದ, ಅಷ್ಟೇ.

ಗಟ್ಟಿಯಿದ್ದರೆ ಅದೂ ಒಂದು ತಪ್ಪೇ ಎಂದು ಮೌನೇಶ ಒಳಗೊಳಗೇ ಕುದಿಯುತ್ತಿದ್ದ. ಅಷ್ಟರಲ್ಲಿ ಗುರುವಿನ ಕೈ ನಡುಗಲು ಹತ್ತಿತು. ಅಂಥ ನವಿಲು ಇನ್ನು ಆ ಕೈಯಿಂದ ಬರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಒಂದು ಮಧ್ಯಾಹ್ನ ಥಾವರಿಬಾಯಿಯನ್ನು ಅವಳ ಗಂಡ ಹೊತ್ತುಕೊಂಡು ಬಂದ. ಬಟ್ಟೆ ಒಗೆಯುವ ಕಲ್ಲು ಉರುಳಿ ಅವಳ ಕಾಲ ಮೇಲೆ ಬಿದ್ದಿತ್ತು. ಕಾಲು ಬಾತು ಕಡಗವನ್ನೇ ನುಂಗುವಂತಿತ್ತು. ಬೆರಳು ನೀಲಿಗಟ್ಟಿದ್ದವು. ಮೊದಲು ಬೆಳ್ಳಿ ತೆಗೆಸಿಕೊಂಡು ಬಾ, ತಡವಾದರೆ ಪಾದ ಉಳಿಯುವುದಿಲ್ಲ ಎಂದು ನಾಟಿವೈದ್ಯ ಅಟ್ಟಿದ್ದನಂತೆ.

ಆ ನೋವಿನಲ್ಲೂ ಅವಳದು ಹಟ. ಗಂಡ ಎದುರಿಗಿರುವಾಗ ಕಾಲು ಬರಿದು ಮಾಡಿಕೊಳ್ಳಲಾರೆ ಅಂದಳು. ಗಂಡ ಅವಳ ತಲೆಯನ್ನು ಎದೆಗೆ ಒತ್ತಿಕೊಂಡು, ನಾನೇ ಹೇಳುತ್ತಿದ್ದೇನಲ್ಲ, ತೆಗೆಯಲಿ ಅಂದ.

"ಕಡಿ" ಎಂದ ಕಾಳಪ್ಪ, ಶಿಷ್ಯನಿಗೆ.

ಮೌನೇಶ ಗರಗಸ ಹಿಡಿದು ಕೂತ. ಕೈ ಮುಂದೆ ಹೋಗಲಿಲ್ಲ. ಕೀಲು ಸಿಕ್ಕರೆ ನವಿಲು ಉಳಿಯುತ್ತದೆ ಎಂದು ಹುಡುಕಿದ. ಕೀಲು ಒಳಮಗ್ಗುಲಲ್ಲಿ ಬಾವಿನೊಳಗೆ ಹೂತುಹೋಗಿತ್ತು. ಎಣ್ಣೆ ಸುರಿದು ಜಾರಿಸಲು ನೋಡಿದ. ಥಾವರಿಬಾಯಿ ಹಲ್ಲು ಕಚ್ಚಿ ನರಳಿದಳು. ಅವನು ಮತ್ತೆ ಕೀಲಿಗೇ ಕೈ ಹಾಕಿದ.

ಆಗ ಗುರು ಒಲೆಯ ಬದಿಯಿಂದ ಒಂದು ಇದ್ದಿಲು ಎತ್ತಿಕೊಂಡ. ನಡುಗುವ ಕೈಯಿಂದಲೇ ನವಿಲಿನ ಕೊರಳಿಗೆ ಅಡ್ಡವಾಗಿ ಒಂದು ಸೊಟ್ಟ ಗೆರೆ ಎಳೆದ.

"ಇಲ್ಲಿ."

"ಅಜ್ಜಾರ, ಇದು ಹೋದ್ರ ಮತ್ತ ಬರೂದಿಲ್ಲ. ನಾ ಇನ್ನೂ ಕಲಿತಿಲ್ಲ."

"ಕಲೀಲಿ ಅಂತನ ಹೇಳಾಕತ್ತೀನಿ. ಕಡಿ."

ಗರಗಸ ಚರ್ಮಕ್ಕೆ ತಾಗದಿರಲೆಂದು ಮೌನೇಶ ತಾಮ್ರದ ತೆಳು ಪಟ್ಟಿಯನ್ನು ಕಡಗದ ಅಡಿ ತೂರಿಸಿದ. ಆ ಜಾಗದಲ್ಲಿ ಅದು ಸಲೀಸಾಗಿ ಹೋಯಿತು. ಗರಗಸ ಎಳೆದ. ಬಹಳ ಹೊತ್ತು ಹಿಡಿದೀತು ಅಂದುಕೊಂಡಿದ್ದ, ನಾಕಾರು ಎಳೆತಕ್ಕೇ ಬೆಳ್ಳಿ ಬಿಟ್ಟುಕೊಂಡಿತು. ಅವನೂ ಅವಳ ಗಂಡನೂ ಎರಡು ಕಡೆ ಹಿಡಿದು ಅಗಲಿಸಿದರು. ನೋಡನೋಡುತ್ತ ಬೆರಳುಗಳಿಗೆ ಕೆಂಪು ಇಳಿಯಿತು.

ಥಾವರಿಬಾಯಿ ಬರಿಗಾಲನ್ನು ಮುಸುಕಿನಿಂದ ಮುಚ್ಚಿಕೊಂಡು ಅತ್ತಳು. ಹೊಸದು ಮಾಡಿ ನಾವೇ ತಂದು ತೊಡಿಸುತ್ತೇವೆ ತಾಯಿ ಎಂದು ಕಾಳಪ್ಪ ಕೈಮುಗಿದ. ಗಂಡ ಅವಳನ್ನು ಎತ್ತಿಕೊಂಡು ವೈದ್ಯನ ಮನೆಯತ್ತ ಹೊರಟ.

ಮೌನೇಶ ಕಡಿದ ಕಡಗವನ್ನು ಬೆಳಕಿಗೆ ಹಿಡಿದ. ಎಲ್ಲ ಕಡೆ ಬೆರಳಿನಷ್ಟು ದಪ್ಪ. ನವಿಲಿನ ಅಡಿಯಲ್ಲಿ ಮಾತ್ರ ಒಳಗಿನಿಂದ ತೋಡಿ ತೆಳ್ಳಗೆ ಮಾಡಿತ್ತು. ಹೊರಗಿನಿಂದ ಯಾರಿಗೂ ತಿಳಿಯುವಂತಿರಲಿಲ್ಲ.

"ಬೇಕಂತನ ಹಿಂಗ ಮಾಡಿದ್ರೇನ್ರಿ?"

"ಹೂಂ. ತೊಡಸೂ ದಿನಾನ ಕಡಿಯೂ ದಿನಾ ನೆನೀಬೇಕಾಗ್ತೈತಿ. ಅವಸರದಾಗ ಲಗೂನ ಕಣ್ಣಿಗೆ ಬೀಳಲಿ ಅಂತ ಅಲ್ಲಿ ನವಿಲು ಇಟ್ಟೆ."

ತಾನು ಮಾಡಿದ ಕಡಗ ಆ ಕಾಲಲ್ಲಿದ್ದಿದ್ದರೆ ಏನು ಗತಿಯಾಗುತ್ತಿತ್ತೆಂದು ನೆನೆದು ಮೌನೇಶನಿಗೆ ಅಳು ಒತ್ತರಿಸಿ ಬಂತು. ಹೆಮ್ಮೆಯಿಂದ ಜೋಡಿಸಿಟ್ಟಿದ್ದ ಕಡಗಗಳನ್ನೆಲ್ಲ ಎತ್ತಿ ತಂದು ಒಂದೊಂದಾಗಿ ಮೂಸೆಗೆ ಹಾಕಿ ಕರಗಿಸಿದ. ಗುರು ಕರಗಿದ್ದೆಲ್ಲ ಆರುವ ತನಕ ಕೂತಿದ್ದು, ತನ್ನ ಸುತ್ತಿಗೆಯನ್ನು ಅವನ ಮುಂದೆ ಸರಿಸಿದ. ಥಾವರಿಬಾಯಿಯ ಕಡಗ ಇನ್ನು ನೀನೇ ಮಾಡು ಅಂದ.

ಮೌನೇಶ ಸುತ್ತಿಗೆ ಮುಟ್ಟಿ ಕಣ್ಣಿಗೊತ್ತಿಕೊಂಡ. ಆದರೆ ಕೆಲಸಕ್ಕೆ ಕೈ ಹಚ್ಚಲು ಧೈರ್ಯ ಬರಲಿಲ್ಲ.

"ನವಿಲಿನ ಕೆಳಗ ಎಷ್ಟು ತೆಳು ಮಾಡ್ಬೇಕ್ರಿ, ಅಜ್ಜಾರ?"

"ಅದನ್ನ ನನ್ನ ಕೇಳಬ್ಯಾಡ, ತಮ್ಮಾ. ನೀ ಕೀಲು ಹುಡುಕ್ಕೋತ ಕುಂತಾಗ ಆ ತಾಯಿಗೆ ಹೆಂಗಾಗಿತ್ತು, ಹೋಗಿ ಅಕೀನ್ನ ಕೇಳಿ ಬಾ."